ಹಿತ್ತಲಲ್ಲಿ ನೀರು ಕುಡಿಯುವ ಮಗ

ಮಗ ನೀರು ಕುಡಿಯಲು ಹಿತ್ತಲಿಗೆ ಹೋಗುತ್ತಿದ್ದ. ಮಣ್ಣಗುಡ್ಡದ ನಮ್ಮ ಮನೆಯ ಹಿಂದೆ ಬಟ್ಟೆ ಒಗೆಯುವ ಕಲ್ಲು ಇದೆ, ಅದರ ಬದಿಯಲ್ಲಿ ಒಂದು ನುಗ್ಗೆ ಮರ. ಅಡುಗೆಮನೆಯಲ್ಲಿ ನಿಂತರೆ ಆ ಜಾಗ ಕಾಣುವುದಿಲ್ಲ, ಆದರೆ ಕೇಳುತ್ತದೆ. ಚೊಂಬು ಎತ್ತಿ ಕುಡಿಯುವಾಗ ಅವನ ಗಂಟಲಲ್ಲಿ ಏಳುವ ಗಟಗಟ ಶಬ್ದವನ್ನು ನಾನು ತರಕಾರಿ ಹೆಚ್ಚುತ್ತಾ ಕೇಳುತ್ತಿದ್ದೆ. ಬಾಯಿ ಒರೆಸಿಕೊಂಡೇ ಒಳಗೆ ಬರುತ್ತಿದ್ದ, ಕದ್ದು ಸಿಗರೇಟು ಸೇದಿ ಬಂದವರ ಹಾಗೆ.

ನನ್ನ ಎರಡು ಕಿಡ್ನಿಗಳೂ ಕೆಟ್ಟು, ವಾರಕ್ಕೆ ಮೂರು ಸಲ ಕಂಕನಾಡಿಯ ಆಸ್ಪತ್ರೆಯೊಂದರಲ್ಲಿ ಡಯಾಲಿಸಿಸ್ ಶುರುವಾದ ಮೇಲಿನ ಮಾತು ಇದು. ನಾನು ಕುಡಿದ ನೀರು ಹೊರಗೆ ಹೋಗುವುದಿಲ್ಲ, ಮೈಯಲ್ಲೇ ನಿಲ್ಲುತ್ತದೆ. ಹಾಗಾಗಿ ಬೆಳಿಗ್ಗೆ ಒಂದು ಬಾಟಲಿ ತುಂಬಿಸಿಡುತ್ತೇನೆ. ಕಾಫಿಗೆ, ಮಾತ್ರೆಗೆ, ಬಾಯಾರಿಕೆಗೆ ಎಲ್ಲಕ್ಕೂ ಅದೇ. ಅಡುಗೆಯೂ ಬದಲಾಯಿತು. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಬಿಸಿನೀರಿನಲ್ಲಿ ನೆನೆಹಾಕಿ, ಆ ನೀರನ್ನು ಚೆಲ್ಲಿ ಮತ್ತೆ ಬೇಯಿಸಬೇಕು. ಬಸಳೆ ಇಲ್ಲ, ಒಣಮೀನು ಇಲ್ಲ, ಉಪ್ಪಿನಕಾಯಿ ಇಲ್ಲ, ಗಂಜಿ ಇಲ್ಲ. ಮಗನಿಗೆ ಬೇರೆ ಮಾಡುತ್ತೇನೆ ಎಂದರೆ ಅವನು ಒಪ್ಪಲಿಲ್ಲ. ರುಚಿಯೆಲ್ಲ ತೊಳೆದುಹೋದ ಆ ತೊಂಡೆಕಾಯಿಯನ್ನೇ ತಿನ್ನುತ್ತಿದ್ದ. ಹೊಟ್ಟೆ ತುಂಬಿಸಿಕೊಳ್ಳಲು ಅವನಿಗೆ ಹೊರಗೆ ಬೇಕಾದಷ್ಟು ಜಾಗಗಳಿದ್ದವು, ಅದು ಬೇರೆ ಮಾತು.

ನನ್ನ ಗಂಡ ತೀರಿಕೊಂಡು ವರ್ಷಗಳಾಗಿವೆ. ಇರುವುದು ಇವನೊಬ್ಬ. ಆಗ ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದ. ನನಗೆ ಇದ್ದದ್ದು ಒಂದೇ ಹಟ, ಈ ಕಾಯಿಲೆ ನನ್ನಲ್ಲಿಗೆ ಮುಗಿಯಬೇಕು, ಅದರ ವಾಸನೆಯೂ ಅವನಿಗೆ ತಾಗಬಾರದು. ಆಸ್ಪತ್ರೆಗೆ ಒಬ್ಬಳೇ ರಿಕ್ಷಾದಲ್ಲಿ ಹೋಗಿ ಬರುತ್ತಿದ್ದೆ. ಬಂದವಳೇ ಸ್ನಾನ ಮಾಡಿ, ಸೀರೆ ಬದಲಾಯಿಸಿ, ಅವನು ಕಾಲೇಜಿನಿಂದ ಬರುವಷ್ಟರಲ್ಲಿ ಬಾಗಿಲಲ್ಲಿ ಕೂತಿರುತ್ತಿದ್ದೆ.

ಕಾಯಿಲೆ ನಮ್ಮ ಮನೆಗೆ ಹೊಸದಲ್ಲ. ಅಜ್ಜಿ ಹೊಟ್ಟೆ ಗಟ್ಟಿಯಾಗಿ, ಮುಖ ಊದಿ ಹೋದವಳು. ದೊಡ್ಡಮ್ಮನೂ ಹಾಗೆಯೇ, ಅಮ್ಮನೂ ಹಾಗೆಯೇ. ಆಗ ಯಾರೂ ಅದಕ್ಕೆ ಹೆಸರಿಟ್ಟಿರಲಿಲ್ಲ. ನನ್ನ ಡಾಕ್ಟರು, ಕಿಡ್ನಿಯ ತುಂಬಾ ನೀರುಗುಳ್ಳೆ ಏಳುವ ಕಾಯಿಲೆ, ವಂಶದಲ್ಲಿ ಬರುವಂಥದ್ದು ಎಂದರು. "ಮಗನನ್ನೂ ಒಮ್ಮೆ ಸ್ಕ್ಯಾನ್ ಮಾಡಿಸಿ" ಎಂದೂ ಹೇಳಿದರು. ಜೊತೆಗೆ ಹೋಟೆಲು ನಡೆಸುವ ನನ್ನ ಅಣ್ಣ ಬಂದಿದ್ದ. ಹೊರಗೆ ಬಂದದ್ದೇ, "ಗಂಡುಮಕ್ಕಳಿಗೆ ಎಂತಕ್ಕೆ ಅದೆಲ್ಲ? ನಮ್ಮಲ್ಲಿ ಗಂಡಸರಿಗೆ ಯಾರಿಗಾದ್ರೂ ಬಂದದ್ದುಂಟಾ? ನನ್ನನ್ನು ನೋಡು" ಎಂದ.

ನನಗೂ ಸರಿ ಅನ್ನಿಸಿತು. ನಾವು ಅಳಿಯಕಟ್ಟಿನವರು. ಮನೆ, ಪಾಲು, ಬಳಿಯೆಂಬ ಕುಲದ ಹೆಸರು ಎಲ್ಲವೂ ನಮ್ಮಲ್ಲಿ ತಾಯಿಯಿಂದ ಮಗಳಿಗೆ, ಮಗಳಿಂದ ಅವಳ ಮಗಳಿಗೆ ಇಳಿದು ಬಂದದ್ದು. ಕಾಯಿಲೆಯೂ ಅದೇ ದಾರಿಯಲ್ಲಿ ಬಂದಿದೆ ಎಂದು ನಂಬಲು ನಮಗೆ ಕಷ್ಟವಾಗಲಿಲ್ಲ. ನನಗೆ ಹೆಣ್ಣು ಹುಟ್ಟಲಿಲ್ಲವೆಂದು ನೆಂಟರ ಮದುವೆಗಳಲ್ಲಿ ನನ್ನ ಎದುರೇ ಮರುಗುವವರಿದ್ದರು, "ಪಾಪ, ಸಂತಾನ ಇವಳಲ್ಲಿಗೆ ನಿಂತಿತು" ಎಂದು. ವರ್ಷಗಟ್ಟಲೆ ಆ ಮಾತು ಮುಳ್ಳಿನ ಹಾಗೆ ಚುಚ್ಚಿತ್ತು. ಡಾಕ್ಟರ ಕೋಣೆಯಿಂದ ಹೊರಬಂದ ದಿನ ಮಾತ್ರ ಸಮಾಧಾನವಾಯಿತು. ಸದ್ಯ, ಮಗಳಿಲ್ಲ.

ಆ ವರ್ಷದ ಸೆಕೆ ಮೈಮೇಲೆ ಕಂಬಳಿ ಹೊದೆಸಿದ ಹಾಗಿತ್ತು. ಮಾತಾಡಿದರೆ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಅಂಥ ಒಂದು ದಿನ ಅಣ್ಣ ಕಾರಿನಲ್ಲಿ ಒಂದು ಗೊನೆ ಎಳನೀರು ಬೊಂಡ ಹಾಕಿಕೊಂಡು ಬಂದ. ಹುಷಾರಿಲ್ಲದವರ ಮನೆಗೆ ನಮ್ಮ ಕಡೆಯವರು ಕೈಬೀಸಿಕೊಂಡು ಹೋಗುವುದಿಲ್ಲ, ಬೊಂಡ ಹಿಡಿದುಕೊಂಡೇ ಹೋಗುತ್ತಾರೆ. ಎಳನೀರಿನಷ್ಟು ತಂಪು, ಅಷ್ಟು ನಿರುಪದ್ರವಿ ವಸ್ತು ಇನ್ನೊಂದಿಲ್ಲ ಎಂದೇ ಲೆಕ್ಕ. ಅವನೇ ಕತ್ತಿ ತಂದು ಕೆತ್ತಿದ.

"ಕುಡಿ."

"ಬೇಡ ಅಂತ ಹೇಳಿದ್ದಾರೆ ಅಣ್ಣ."

"ಎ.ಸಿ.ಯಲ್ಲಿ ಕೂತವರಿಗೆ ಸೆಕೆ ಎಂತ ಗೊತ್ತುಂಟು? ಒಂದು ಬೊಂಡದಲ್ಲಿ ಎಂತ ಆಗ್ತದೆ ಮಾರಾಯ್ತಿ."

ಅದರಲ್ಲಿ ಪೊಟ್ಯಾಸಿಯಂ ಇದೆ, ನಿಮ್ಮ ಮೈ ಅದನ್ನು ಹೊರಗೆ ಹಾಕುವುದಿಲ್ಲ, ಹೃದಯವನ್ನೇ ನಿಲ್ಲಿಸಿಬಿಡುತ್ತದೆ ಎಂದು ಮೊದಲ ದಿನವೇ ಹೇಳಿದ್ದರು. ಗೊತ್ತಿದ್ದೇ ಕುಡಿದೆ. ಆ ತಂಪು ಎದೆಯಲ್ಲಿ ಇಳಿಯುವುದು ಗೊತ್ತಾಗುತ್ತಿತ್ತು. ಅಣ್ಣ ಎರಡನೆಯದನ್ನು ಕೆತ್ತಿ ಕೈಗೆ ಕೊಟ್ಟಾಗ ಬೇಡ ಎನ್ನಲಿಲ್ಲ.

ಮಧ್ಯಾಹ್ನದ ಊಟಕ್ಕೆ ಏಳಹೊರಟರೆ ಕಾಲು ಏಳಲಿಲ್ಲ. ನೋವಿಲ್ಲ, ಏನಿಲ್ಲ, ಕಾಲು ನನ್ನದಲ್ಲದ ಹಾಗೆ ಬಿದ್ದುಕೊಂಡಿತ್ತು. ಅಣ್ಣ ನನ್ನನ್ನು ಎತ್ತಿ ಕಾರಿನಲ್ಲಿ ಹಾಕಿಕೊಂಡು ಕಂಕನಾಡಿಗೆ ಹೊರಟ. ದಾರಿಯಲ್ಲಿ ಮಗನಿಗೆ ಫೋನು ಮಾಡಿದ. ಮಗನ ಕಾಲೇಜು ಬಸ್ಸು ನಂತೂರಿನಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡಿತ್ತಂತೆ. ಅಲ್ಲೇ ಇಳಿದು, ಆ ಬಿಸಿಲಲ್ಲಿ ಓಡಿಕೊಂಡು ಬಂದನಂತೆ. ಅವನ ಅಂದಿನ ದಪ್ಪ ಮೈಗೆ ಅದು ಓಟವೂ ಆಗಿರಲಾರದು.

ನಾನು ಕಣ್ಣು ಬಿಟ್ಟಾಗ ಡಯಾಲಿಸಿಸ್ ಮೆಷಿನ್ ತಿರುಗುತ್ತಿತ್ತು. ಮಗ ಕಾಲ ಬುಡದಲ್ಲಿ ನಿಂತಿದ್ದ. ಅವನು ಈ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ನನ್ನನ್ನು ನೋಡುತ್ತಿರಲಿಲ್ಲ. ನನ್ನ ಕೈಯಿಂದ ಹೊರಟ ರಕ್ತ ಕೊಳವೆಯಲ್ಲಿ ಹೋಗಿ ತಿರುಗಿ ಬರುವುದನ್ನು ನೋಡುತ್ತಿದ್ದ.

"ಎಷ್ಟು ಬೊಂಡ ಕುಡಿದೆ ಅಮ್ಮ?"

"ಒಂದು."

"ಮಾವ ಎರಡು ಅಂದ್ರು."

ಎರಡನೆಯ ವರ್ಷದ ಪರೀಕ್ಷೆ ಮುಗಿದ ಮೇಲೆ ಒಂದು ಭಾನುವಾರ ಅವನೇ ಮಾವನನ್ನು ಮನೆಗೆ ಕರೆದ. ನಮ್ಮಲ್ಲಿ ಸೋದರಮಾವನ ಬಾಯಿಂದ ಹೂಂ ಎಂಬ ಮಾತು ಬಾರದೆ ಓದಾಗಲಿ ಮದುವೆಯಾಗಲಿ ಮುಂದೆ ಹೋಗುವುದಿಲ್ಲ. ಚಾವಡಿಯಲ್ಲಿ ಅಣ್ಣ ಬೆತ್ತದ ಕುರ್ಚಿಯಲ್ಲಿ ಕೂತಿದ್ದ, ಮಗ ನಿಂತೇ ಇದ್ದ.

"ಎಂಜಿನಿಯರಿಂಗ್ ಬಿಡ್ತೇನೆ ಮಾವ. ಡಯಾಲಿಸಿಸ್ ಟೆಕ್ನಾಲಜಿ ಅಂತ ಕೋರ್ಸ್ ಉಂಟು. ಅದಕ್ಕೆ ಸೇರ್ತೇನೆ."

"ಎಂತ? ಸೂಜಿ ಚುಚ್ಚುವ ಕೆಲಸವಾ?"

"ಹೌದು."

"ಎರಡು ವರ್ಷ ಓದಿದ್ದು?"

"ಅದು ಹೋಯ್ತು."

"ಹೋಯ್ತು ಅಂತೆ. ಎಷ್ಟು ಸುಲಭದಲ್ಲಿ ಹೇಳ್ತಿ ಮಾರಾಯ, ರಿಕ್ಷಾ ತಪ್ಪಿದ ಹಾಗೆ. ಪುನಃ ಮೊದಲನೇ ವರ್ಷ, ಆ ಚಿಳ್ಳೆಗಳೊಟ್ಟಿಗೆ ಕೂತ್ಕೊಳ್ಳುವುದಾ?"

"ಕೂತ್ಕೊಳ್ತೇನೆ."

"ನನಗಾಗಿ ಆದ್ರೆ ಬೇಡ" ಎಂದೆ ನಾನು. "ನಾನು ಇನ್ನೆಷ್ಟು ದಿನ ಅಂತ ನಿನ್ನ ಓದು ಹಾಳು ಮಾಡ್ಕೊಳ್ತಿ?"

"ನೀನು ಹೋದ್ರೂ ಮೆಷಿನ್ ಇರ್ತದೆ ಅಲ್ವಾ. ಬೇರೆಯವರು ಬರ್ತಾರೆ."

ಅಣ್ಣ ಒಮ್ಮೆ ಗದರಿದರೆ ಸಾಕಿತ್ತು. ನನ್ನ ಆಸೆ ಅಷ್ಟೂ ಅವನ ಮೇಲೇ ಇತ್ತು. ಆದರೆ ಬೊಂಡ ಕೆತ್ತಿ ಕೊಟ್ಟ ದಿನದಿಂದ ನಮ್ಮ ಮನೆಯಲ್ಲಿ ಅವನ ಸ್ವರವೇ ಇಳಿದುಹೋಗಿತ್ತು. "ನಿನ್ನಿಷ್ಟ" ಎಂದು ಎದ್ದ. ಚಹಾ ಲೋಟದಲ್ಲೇ ಉಳಿಯಿತು.

ಕೋರ್ಸಿಗೆ ಸೇರಿದ ಮೇಲೆ ಹುಡುಗ ಪೂರಾ ಬೇರೆಯೇ ಆದ. ಅಲ್ಲಿಯವರೆಗೆ ಅವನು ದಢೂತಿ. ಗೆಳೆಯರೊಟ್ಟಿಗೆ ಪರೋಟ, ಕಬಾಬು, ಶನಿವಾರ ಬಿಯರು, ಮೇಲಿಂದ ಗಡ್‌ಬಡ್ ಐಸ್‌ಕ್ರೀಮು. ಬಿಸಿಲು ಹಾಸಿಗೆಗೆ ಬೀಳುವವರೆಗೆ ಮಲಗುತ್ತಿದ್ದವನು. ಎಲ್ಲವನ್ನೂ ಬಿಟ್ಟ. ಬೆಳಿಗ್ಗೆ ನಾನು ಏಳುವ ಮೊದಲೇ ಶೂ ಕಟ್ಟಿಕೊಂಡು ಮೈದಾನಕ್ಕೆ ಹೋಗಿ, ಬೆವರಿ ಒದ್ದೆಯಾಗಿ ಬರುತ್ತಿದ್ದ. ಮನೆಯ ಉಪ್ಪಿಲ್ಲದ ಅಡುಗೆಯನ್ನೇ ಎರಡು ಹೊತ್ತೂ ತಿನ್ನತೊಡಗಿದ. ಅವನ ಪ್ಯಾಂಟುಗಳ ಸೊಂಟವನ್ನು ನಾನೇ ಹೊಲಿಗೆ ಮೆಷಿನ್ನಿನಲ್ಲಿ ಒಳಗೆ ಹಿಡಿದು ಕೊಟ್ಟೆ, ಮತ್ತೆ ಬಿಚ್ಚಿ ಇನ್ನಷ್ಟು ಹಿಡಿದೆ. ಸಂತೋಷವಾಗಿಯೇ ಇತ್ತು.

ಡಯಾಲಿಸಿಸ್‌ನಲ್ಲಿ ನನ್ನ ಪಕ್ಕದ ಹಾಸಿಗೆ ಒಬ್ಬ ಬ್ಯಾರಿ ಮುಸ್ಲಿಂ ಹೆಂಗಸಿನದು. ನನ್ನದೇ ಪ್ರಾಯ, ನನ್ನದೇ ಹೊತ್ತು. ಮಕ್ಕಳಿಬ್ಬರೂ ಗಲ್ಫಿನಲ್ಲಿ. ಮಗ ಈಗ ಬಿಡುವಿದ್ದಾಗ ನನ್ನೊಟ್ಟಿಗೆ ಬರುತ್ತಿದ್ದ, ಬೇಡವೆಂದರೂ ಕೇಳುತ್ತಿರಲಿಲ್ಲ. ಅವನನ್ನು ಮೇಲಿಂದ ಕೆಳಗೆ ನೋಡಿ ಆಕೆ, "ಹುಡುಗ ಸಪೂರ ಆದ ಅಲ್ವಾ ಅಕ್ಕ. ಇದು ಹುಡುಗಿಯ ಕೆಲಸ" ಎಂದರು.

"ಇದ್ರೆ ಒಳ್ಳೆಯದೇ."

"ಮೊದಲು ಯಾರವಳು ಅಂತ ಕೇಳಿ. ನಮ್ಮವಳಾದ್ರೆ ನಿಮ್ಮ ಅಣ್ಣ ಹೋಟೆಲಿಗೆ ಬಾಗಿಲು ಹಾಕ್ತಾರೆ."

"ಹಾಕಲಿ. ಬಿರಿಯಾನಿ ಆದ್ರೂ ಸಿಗ್ತದೆ."

"ನಿಮಗಾ? ಅನ್ನವನ್ನು ನೆನೆಹಾಕಿ, ತೊಳೆದು, ಕೊಡ್ತೇವೆ."

ಇಬ್ಬರೂ ನಕ್ಕೆವು. ನಕ್ಕರೆ ಕೈ ಅಲ್ಲಾಡುತ್ತದೆ, ಕೈ ಅಲ್ಲಾಡಿದರೆ ಮೆಷಿನ್ ಕೂಗುತ್ತದೆ. ಟೆಕ್ನಿಷಿಯನ್ ಬಂದು ಗುಂಡಿ ಒತ್ತಿ, ಇಬ್ಬರನ್ನೂ ಶಾಲೆಯ ಮಕ್ಕಳ ಹಾಗೆ ನೋಡಿ ಹೋದಳು.

ಹುಡುಗಿ ಇರಲಿಲ್ಲ. ಒಂದು ಸಂಜೆ ಊಟದ ತಟ್ಟೆಯ ಮುಂದೆ ಕೂತು ಹೇಳಿದ.

"ನನ್ನ ತೂಕ ಈಗ ಸರಿ ಬಂದಿದೆ. ಬಿ.ಪಿ. ಸರಿ ಉಂಟು. ಬ್ಲಡ್ ಗ್ರೂಪ್ ನಿಂದೇ. ನಾನು ಕೊಡ್ತೇನೆ ಅಮ್ಮ."

"ಎಂತ ಕೊಡ್ತಿ?"

"ಕಿಡ್ನಿ."

ಅಷ್ಟು ದಿನದ ನಡಿಗೆ, ಬಿಟ್ಟ ಬಿಯರು, ನಾನು ಒಳಗೆ ಹಿಡಿದ ಪ್ಯಾಂಟು, ಎಲ್ಲ ಇದಕ್ಕೆ. ಆಗುವುದಿಲ್ಲ ಎಂದೆ. ವಾರಗಟ್ಟಲೆ ಅವನೊಟ್ಟಿಗೆ ಸರಿಯಾಗಿ ಮಾತಾಡಲಿಲ್ಲ. ಮಗನ ಮೈಗೆ ಕತ್ತರಿ ಹಾಕಿಸಿ ನಾನು ಬದುಕಬೇಕೇ ಎಂದು ಕೇಳಿದೆ. ಒಂದನ್ನು ನನಗೆ ಕೊಟ್ಟ ಮೇಲೆ ಉಳಿದದ್ದೊಂದೂ ಕೆಟ್ಟರೆ ಏನು ಮಾಡುತ್ತಿ ಎಂದು ಹೆದರಿಸಿದೆ.

"ಗಂಡಸರಿಗೆ ಬರುವುದಿಲ್ಲ ಅಂತ ನೀವೇ ಹೇಳುವುದಲ್ವಾ?" ಎಂದ. "ಮತ್ತೆ ಎಂತ ಹೆದರಿಕೆ?"

ನನ್ನ ಧೈರ್ಯದ ಮಾತನ್ನೇ ತಿರುಗಿಸಿ ನನ್ನ ಮುಂದೆ ಇಟ್ಟಿದ್ದ. ಪಕ್ಕದ ಹಾಸಿಗೆಯವರೊಡನೆ ಹೇಳಿಕೊಂಡಾಗ ಅವರು ತಮಾಷೆ ಮಾಡಲಿಲ್ಲ. "ಕೊಡ್ತೇನೆ ಅಂದ್ರೆ ತಗೊಳ್ಳಿ ಅಕ್ಕ. ನನ್ನವರು ದಿನಾ ಫೋನ್ ಮಾಡ್ತಾರೆ. ಫೋನ್ ಮಾತ್ರ." ಕೊನೆಗೆ ಪರೀಕ್ಷೆಗಾದರೂ ಹೋಗಲಿ ಎಂದು ಒಪ್ಪಿದೆ.

ಸ್ಕ್ಯಾನಿಂಗ್‌ಗೆ ಅಣ್ಣನೂ ಬಂದ. ನನ್ನನ್ನು ಒಳಗೆ ಬಿಟ್ಟರು. ಮಗ ಅಂಗಿ ಮೇಲೆತ್ತಿ ಮಲಗಿದ್ದ. ಕರಗಿದ ಹೊಟ್ಟೆಯನ್ನು ನೋಡಿ ಡಾಕ್ಟರು, "ಒಳ್ಳೇ ಕೆಲಸ ಮಾಡಿದ್ದೀರಿ" ಎಂದರು. ಬಲಬದಿ ನೋಡಿದರು, ಎಡಬದಿ ನೋಡಿದರು, ಮತ್ತೆ ಬಲಬದಿಗೆ ಬಂದರು. ಪರದೆ ನನಗೂ ಕಾಣುತ್ತಿತ್ತು. ಕಾವಲಿಗೆ ಹೊಯ್ದ ನೀರುದೋಸೆಯಲ್ಲಿ ಮೂಡುವ ಕಣ್ಣುಗಳ ಹಾಗೆ, ಕಪ್ಪಗೆ, ಉರುಟಾಗಿ, ಅಲ್ಲೊಂದು ಇಲ್ಲೊಂದು. ನನ್ನ ಸ್ಕ್ಯಾನಿನಲ್ಲಿ ಅವುಗಳನ್ನು ಎಷ್ಟು ಸಲ ನೋಡಿದ್ದೆನೋ. ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಇವರು ಕೊಡುವ ಹಾಗಿಲ್ಲ" ಎಂದರು ಡಾಕ್ಟರು ಆಮೇಲೆ. "ಈಗ ತೊಂದರೆ ಇಲ್ಲ, ಕಿಡ್ನಿ ಕೆಲಸ ಮಾಡ್ತಾ ಉಂಟು. ಜಾಗ್ರತೆ ಮಾಡಿದ್ರೆ ತುಂಬಾ ವರ್ಷ ಸಿಗ್ತದೆ."

"ನಮ್ಮಲ್ಲಿ ಹೆಂಗಸರಿಗೆ ಮಾತ್ರ ಬರುವುದು ಡಾಕ್ಟ್ರೇ" ಎಂದ ಅಣ್ಣ. ಸರಿಪಡಿಸಿ ಕೊಡಿ ಎಂದು ಬೇಡುವ ಸ್ವರ ಅದು.

"ಹಾಗೆಂತ ಇಲ್ಲ. ಗಂಡು ಹೆಣ್ಣು ಯಾರಿಗೂ ಬರಬಹುದು. ನಿಮಗೆ ಬರ್ಲಿಲ್ಲ, ಅಷ್ಟೇ."

ಕಾರಿನಲ್ಲಿ ಅಣ್ಣ ಕೀಲಿ ಹಾಕಿ, ತಿರುಗಿಸದೆ ಕೂತ. ಹಿಂದಿನಿಂದ ಯಾರೋ ಹಾರ್ನ್ ಹೊಡೆಯುತ್ತಿದ್ದರು. ಮಗ ಕಿಟಕಿಯ ಹೊರಗೆ ನೋಡುತ್ತಾ, "ಹೊರಡಿ ಮಾವ. ಕೋರ್ಸ್ ಆದ್ರೂ ಸರಿಯಾದದ್ದೇ ಹಿಡಿದಿದ್ದೇನೆ, ದಂಡ ಆಗ್ಲಿಲ್ಲ" ಎಂದ. ನಾನು ಅವನ ತೊಡೆಯ ಮೇಲೆ ಕೈ ಇಟ್ಟೆ, ಬಾಯಿ ಮುಚ್ಚು ಎನ್ನುವ ಹಾಗೆ. ಅವನು ಆ ಕೈಯನ್ನು ಹಿಡಿದು, ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ಉಬ್ಬಿಸಿದ ನರದ ಮೇಲೆ ಬೆರಳಿಟ್ಟ. ಅಲ್ಲಿ ರಕ್ತ ಜೇನುಹುಳದ ಹಾಗೆ ಗುಂಯ್ ಎನ್ನುತ್ತಿರುತ್ತದೆ. ಕ್ಲಾಸಿನಲ್ಲಿ ಕಲಿಸಿದ್ದರಂತೆ, ಗುಂಯ್ ಎಂದರೆ ಎಲ್ಲ ಸರಿ ಇದೆ ಎಂದು ಅರ್ಥ. ಮನೆ ಬರುವವರೆಗೆ ಬೆರಳು ತೆಗೆಯಲಿಲ್ಲ.

ಮಳೆಗಾಲ ಶುರುವಾದಾಗ ಒಂದು ದಿನ ಪಕ್ಕದ ಹಾಸಿಗೆಯಲ್ಲಿ ಬೇರೊಬ್ಬರು ಮಲಗಿದ್ದರು. ಹೊಸ ಚಾದರ ಹಾಸಿತ್ತು. ಟೆಕ್ನಿಷಿಯನ್‌ಳ ಮುಖ ನೋಡಿದೆ, ಅವಳು ತಲೆ ಅಲ್ಲಾಡಿಸಿ ನನ್ನ ಕೈಗೆ ಪಟ್ಟಿ ಕಟ್ಟತೊಡಗಿದಳು. ಮಕ್ಕಳು ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತೆಂದು ಆಮೇಲೆ ಗೊತ್ತಾಯಿತು. ನನ್ನ ಮಗನದು ಏನಾಯಿತೆಂದು ಆಕೆಗೆ ನಾನು ಹೇಳಿರಲೇ ಇಲ್ಲ. ಇನ್ನೂ ಒಂದು ಪರೀಕ್ಷೆ ಬಾಕಿ ಉಂಟು ಎನ್ನುತ್ತಲೇ ಬಂದಿದ್ದೆ.

ಮಗ ಈಗ ಕೋರ್ಸಿನ ಕೊನೆಯ ವರ್ಷದಲ್ಲಿದ್ದಾನೆ. ಬೇರೆ ಒಂದು ಆಸ್ಪತ್ರೆಯಲ್ಲಿ ಬೆಳಿಗ್ಗೆಯಿಂದ ಜನರನ್ನು ಮೆಷಿನ್ನಿಗೆ ಹಾಕುತ್ತಾನೆ. ಸಂಜೆ ಬಂದಾಗ ಅವನ ಅಂಗಿಯಿಂದ ಡಯಾಲಿಸಿಸ್ ಕೋಣೆಯ ಆ ವಾಸನೆಯೇ ಬರುತ್ತದೆ. ಒಗೆಯುವ ಕಲ್ಲಿನ ಮೇಲೆ ಎಷ್ಟು ತಿಕ್ಕಿದರೂ ಪೂರ್ತಿ ಹೋಗುವುದಿಲ್ಲ. ನಡೆಯುವುದನ್ನು ನಿಲ್ಲಿಸಿಲ್ಲ, ಉಪ್ಪು ಹಾಗೇ ಕಡಿಮೆ. ಇದೆಲ್ಲ ಮೊದಲು ನನಗಾಗಿ ಇತ್ತು.

ಡಾಕ್ಟರು ಅವನಿಗೆ ಹೇಳಿದ್ದರಲ್ಲಿ ಒಂದು ಮಾತ್ರ ಹೊಸದು. ನೀರು ಚೆನ್ನಾಗಿ ಕುಡಿಯಬೇಕು, ಬಾಯಾರಿಕೆಗೆ ಕಾಯಬಾರದು, ಗುಳ್ಳೆ ಬೆಳೆಯುವುದು ಅಷ್ಟಾದರೂ ನಿಧಾನವಾದೀತು. ಅದನ್ನು ಕೇಳಿದ ಮೇಲೂ ಅವನು ಹಿತ್ತಲಿಗೇ ಹೋಗುತ್ತಿದ್ದ, ಅರ್ಧ ಕುಡಿದು ಬರುತ್ತಿದ್ದ. ಶಬ್ದದಲ್ಲೇ ನನಗೆ ಗೊತ್ತಾಗುತ್ತಿತ್ತು.

ಒಂದು ದಿನ ಹಿಂದಿನ ಬಾಗಿಲಿಗೆ ಅಡ್ಡ ನಿಂತೆ. "ಇಲ್ಲೇ ಕುಡಿ" ಎಂದೆ.

ಈಗ ಬೆಳಿಗ್ಗೆ ಎರಡನ್ನು ತುಂಬಿಸುತ್ತೇನೆ, ನನ್ನ ಸಣ್ಣ ಬಾಟಲಿ ಮತ್ತು ಅವನ ದೊಡ್ಡ ತಾಮ್ರದ ಹೂಜಿ. ಅವನು ಅಡುಗೆಮನೆಯಲ್ಲಿ ನನ್ನ ಎದುರೇ ನಿಂತು, ಕಣ್ಣು ಬೇರೆ ಕಡೆ ಮಾಡಿ ಕುಡಿಯುತ್ತಾನೆ. ನಾನು ಒಣಗಿದ ತುಟಿ ನೆಕ್ಕಿಕೊಂಡು ಅವನ ಗಂಟಲು ಏರಿಳಿಯುವುದನ್ನೇ ನೋಡುತ್ತೇನೆ. ಸಾಕು ಎಂದು ಕೆಳಗಿಡಲು ಹೋದರೆ ಹೂಜಿಯನ್ನು ಬಗ್ಗಿಸಿ ನೋಡುತ್ತೇನೆ.

"ಇನ್ನೂ ಉಂಟು ಇದರಲ್ಲಿ" ಎನ್ನುತ್ತೇನೆ. ಅವನು ಮತ್ತೆ ಎತ್ತುತ್ತಾನೆ.