ಜೀಪಿನ ಹಿಂದೆ ಬಂದ ಆಫೀಸು

ನಮ್ಮ ಟೈಪಿಂಗ್ ಟೀಚರ ಬೆರಳ ತುದಿಗಳು ಚಪ್ಪಟೆಯಾಗಿದ್ದವು. ಮೂವತ್ತು ವರ್ಷ ಟೈಪ್‌ರೈಟರ್ ಕುಟ್ಟಿ ಕುಟ್ಟಿ ಹಾಗಾದದ್ದು. ಉಗುರಿನ ಸಂದಿಯಲ್ಲಿ ಕಾರ್ಬನ್ ಕಾಗದದ ನೀಲಿ ಸದಾ ಇರುತ್ತಿತ್ತು. ಭಾನುವಾರ ಇಗರ್ಜಿಗೆ ಹೊರಡುವ ಮೊದಲು ಲಿಂಬೆಯ ಸಿಪ್ಪೆಯಿಂದ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಎದುರಿನವರು ಮಾತಾಡುತ್ತಿದ್ದರೆ ಆ ಬೆರಳುಗಳು ತೊಡೆಯ ಮೇಲೆ ಮೆಲ್ಲಗೆ ಕುಣಿಯುತ್ತಿದ್ದವು. ನಾವು ಹೇಳಿದ್ದನ್ನೆಲ್ಲ ಅಲ್ಲೇ ಟೈಪ್ ಮಾಡಿಕೊಳ್ಳುತ್ತಿದ್ದಾರೇನೋ ಎಂದು ನಮಗೆ ಅನುಮಾನ.

ಬದಿಯಡ್ಕ ಪೇಟೆಯ ಒಂದು ಮಹಡಿಯಲ್ಲಿ ಅವರ ಟೈಪಿಂಗ್ ಶಾಲೆ. ಮದುವೆ ಮುರಿದು ತವರಿಗೆ ಮರಳಿದ್ದ ನಾನು, ಏನಾದರೂ ಕಲಿಯಬೇಕೆಂದು ಅಲ್ಲಿಗೆ ಸೇರುವ ಹೊತ್ತಿಗೆ ಊರಿನ ಮಕ್ಕಳೆಲ್ಲ ಕಂಪ್ಯೂಟರ್ ಕಲಿಯಲು ಹೋಗಿಯಾಗಿತ್ತು. ಒಂಬತ್ತು ಮಿಷನ್ನುಗಳಿಗೆ ನಾವು ಮೂವರು. 2006ರಲ್ಲಿ ಕಟ್ಟಡ ಕೆಡವುತ್ತೇವೆಂದು ಮಾಲೀಕರು ಹೇಳಿದಾಗ, ಐವತ್ತನಾಲ್ಕು ದಾಟಿದ ಟೀಚರ್ ಇನ್ನು ಮನೆಯಲ್ಲಿ ಕೂರುತ್ತಾರೆ ಎಂದುಕೊಂಡೆ. ಹತ್ತು ದಿನದ ಮೇಲೆ ಮನೆಗೆ ಬರಲು ಹೇಳಿಕಳಿಸಿದರು. ಅಂಗಳದ ಹಲಸಿನ ಮರದಡಿ ನಾಲ್ಕು ಚಕ್ರದ ತಗಡಿನ ಕೋಣೆಯೊಂದು ನಿಂತಿತ್ತು. ರಸ್ತೆ ಕಂತ್ರಾಟುದಾರರು ಎಂಜಿನಿಯರುಗಳಿಗೆಂದು ಜೀಪಿಗೆ ಕಟ್ಟಿ ಎಳೆದುಕೊಂಡು ತಿರುಗುತ್ತಿದ್ದ, ಕೆಲಸ ಮುಗಿದ ಮೇಲೆ ಜೀಪಿನ ಸಮೇತ ಮಾರಿಬಿಟ್ಟ ಗಾಡಿ ಅದು.

"ಎಂತ ನೋಡ್ತಿ? ನಮ್ಮ ಆಫೀಸು," ಎಂದರು ಟೀಚರ್.

'ನಮ್ಮ' ಎಂದರಲ್ಲ, ನನಗೆ ಕೆಲಸ ಸಿಕ್ಕಿದ್ದು ಹಾಗೆ.

ಗಡಿಯಾಚೆ ಮಲಯಾಳದ ರಾಜ್ಯಕ್ಕೆ ಸೇರಿದ ನಮ್ಮ ಕಡೆ ಕನ್ನಡ ಶಾಲೆಯಲ್ಲಿ ಓದಿದವರಿಗೂ ಸರಕಾರದ ಕಾಗದ ಬರುವುದು ಮಲಯಾಳದಲ್ಲಿ. ಓದಿಸಿಕೊಳ್ಳಲು, ಉತ್ತರ ಬರೆಸಲು ಹಳ್ಳಿಯ ಮುದುಕರು ಎರಡು ಬಸ್ಸು ಹಿಡಿದು ಟೀಚರಲ್ಲಿಗೆ ಬರುತ್ತಿದ್ದರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಆಫೀಸಿನಲ್ಲಿ ಮಲಯಾಳ ಎಂದು ನಾಲ್ಕೂ ಬಲ್ಲವರು ಅವರು. "ಅವರು ಬರುವುದರ ಬದಲು ನಾವೇ ಹೋದ್ರೆ ಎಂತ?" ಎಂಬುದಷ್ಟೇ ಅವರ ಲೆಕ್ಕಾಚಾರ.

ಆ ಮಳೆಗಾಲವಿಡೀ ನಾವಿಬ್ಬರೂ ಗಾಡಿಯನ್ನು ಸಜ್ಜುಗೊಳಿಸಿದೆವು. ಮೇಜನ್ನು ಗೋಡೆಗೆ ಬೋಲ್ಟು ಹಾಕಿ ಬಿಗಿಸಿದ್ದಾಯಿತು. ಕಂಪ್ಯೂಟರಿನ ದಪ್ಪ ಪರದೆಯನ್ನು ಹಳೇ ಕಾರಿನ ಸೀಟುಬೆಲ್ಟಿನಿಂದ ಕಟ್ಟಿದೆವು. ಪ್ರಿಂಟರಿನ ಅಡಿಗೆ ಎರಡು ಪದರ ಸ್ಪಂಜು. ಕರೆಂಟು ಹೋದರೆ ಇರಲೆಂದು ಎರಡು ಲಾರಿ ಬ್ಯಾಟರಿ, ಒಂದು ಇನ್ವರ್ಟರ್. ಮೊದಲ ದಿನ ಬ್ಯಾಟರಿಗಳನ್ನು ಒಂದೇ ಬದಿಗೆ ಇಟ್ಟು ಹೊರಟೆವು. ಗಾಡಿ ತಿರುವಿನಲ್ಲಿ ವಾಲಿ, ಅಂಟಿನ ಬಾಟಲಿ ಬಿಳಿ ಕಾಗದದ ರಾಶಿಯ ಮೇಲೆ ಮಗುಚಿತು. ಟೀಚರ್ ಜೀಪು ನಿಲ್ಲಿಸಿ ನೋಡಿ, "ಕಾಗದ ಎಲ್ಲ ಒಗ್ಗಟ್ಟಾಗಿದೆ ಮಾರಾಯ್ತಿ," ಎಂದು ರಸ್ತೆ ಬದಿಯಲ್ಲಿ ಕೂತು ನಕ್ಕರು. ತಗಡಿನ ಕಾವು ತಡೆಯಲು ಮೇಲಿನ ಮಾಡಿಗೆ ಹೆಣೆದ ತೆಂಗಿನ ಮಡಲು ಹೊದೆಸಿದೆವು. ನಿಲ್ಲಿಸಿದಲ್ಲೆಲ್ಲ ಚಕ್ರಗಳಿಗೆ ಕಲ್ಲು ಕೊಟ್ಟು, ಮೇಜಿನ ಮೇಲೆ ನೀರಿನ ಲೋಟ ಇಟ್ಟು, ನೀರು ಸಮ ನಿಲ್ಲುವವರೆಗೆ ಅವರು ಕೆಲಸ ಶುರುಮಾಡುತ್ತಿರಲಿಲ್ಲ.

ಮಂಗಳವಾರ ಅಗಲ್ಪಾಡಿ ಕಡೆ, ಗುರುವಾರ ಎಡನೀರು, ಶನಿವಾರ ಶಿರಿಯ. ಹೂವಿನ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಟೀಚರ್ ಜೀಪು ಓಡಿಸುವುದನ್ನು ನೋಡಲು ಮೊದಮೊದಲು ಜನ ಅಂಗಡಿಯಿಂದ ಹೊರಗೆ ಬರುತ್ತಿದ್ದರು. ದಾರಿಯುದ್ದಕ್ಕೂ ನನಗೆ ಮಲಯಾಳ ಪಾಠ. ಬಸ್ಸಿನ ಬೋರ್ಡು, ಗೋಡೆಯ ಜಾಹೀರಾತು, ಮರಣದ ಫ್ಲೆಕ್ಸು, ಕಂಡದ್ದನ್ನೆಲ್ಲ ಓದಿ ಹೇಳಬೇಕು. ತಪ್ಪಿದರೆ ಹಾರ್ನು ಬಾರಿಸುತ್ತಿದ್ದರು.

ಆಫೀಸಿನಲ್ಲಿ ಅವರದು ಒಂದೇ ಕಟ್ಟುನಿಟ್ಟು. ಸಹಿ ಹಾಕುವವರಿಗೆ ಅವರ ಭಾಷೆಯಲ್ಲಿ ಕಾಗದವನ್ನು ಪೂರ್ತಿ ಓದಿ ಹೇಳಬೇಕು. "ಕಾಗದಕ್ಕೆ ನಾಚಿಕೆ ಇಲ್ಲ. ಎಂತ ಬರೆದ್ರೂ ಸುಮ್ಮನೆ ಇರ್ತದೆ," ಎನ್ನುತ್ತಿದ್ದರು.

ನಾಲ್ಕನೆಯ ವರ್ಷ, ಒಂದು ಮಂಗಳವಾರ. ನಮಗೆ ಜಾಗವನ್ನೂ ಕರೆಂಟನ್ನೂ ಕೊಟ್ಟಿದ್ದ ಅಂಗಡಿಯವರು ತಮ್ಮ ತಂಗಿಯನ್ನು ಕರೆದುಕೊಂಡು ಬಂದರು. ಬರೆಸಿ ತಂದಿದ್ದ ಮಲಯಾಳದ ಕರಡನ್ನು ಟೈಪ್ ಮಾಡಿಕೊಡಲು ಹೇಳಿದರು. ಟೀಚರ್ ಚಾಯ ಕುಡಿಯಲು ಹೋಗಿದ್ದರು. ಟೈಪ್ ಮಾಡುತ್ತ ಹೋದಂತೆ ನನಗೆ ಗೊತ್ತಾಯಿತು: ತಂದೆಯ ಜಾಗದಲ್ಲಿ ತನ್ನ ಪಾಲನ್ನು ಅಣ್ಣನಿಗೆ ಬಿಟ್ಟುಕೊಡಲು ಈಕೆ ಒಪ್ಪಿದ್ದಾಳೆ ಎಂಬ ಕಾಗದ ಅದು. ಆಕೆ ಮೊಣಕೈ ಮೇಜಿಗೂರಿ ಹೊರಗೆ ಕೋಳಿಗಳನ್ನು ನೋಡುತ್ತಿದ್ದಳು. ನಾನು ಪ್ರಿಂಟ್ ತೆಗೆದು ಅವಳ ಮುಂದಿಟ್ಟೆ. ಓದಲಿಲ್ಲ. "ಅವಳಿಗೆ ಎಲ್ಲ ಗೊತ್ತುಂಟು," ಎಂದು ಅಂಗಡಿಯವರು ಮೊದಲೇ ಹೇಳಿದ್ದರು. ಅವರನ್ನು ಎದುರುಹಾಕಿಕೊಳ್ಳಲು ನನಗೆ ಹೆದರಿಕೆಯಾಗಿತ್ತು.

ಅಷ್ಟರಲ್ಲಿ ಟೀಚರ್ ಮೆಟ್ಟಿಲೇರಿ ಬಂದರು. ತಂಗಿಯ ಕೈಯಲ್ಲಿ ಪೆನ್ನು ಕಂಡು ನನ್ನ ಕಡೆ ತಿರುಗಿದರು.

"ಓದಿ ಹೇಳಿದ್ಯಾ?"

"ಅವರಿಗೆ ಗೊತ್ತುಂಟಂತೆ ಟೀಚರ್."

"ನಾನು ಕೇಳಿದ್ದು ಅದಲ್ಲ."

ಅವರೇ ಓದುತ್ತಾರೆ ಎಂದುಕೊಂಡೆ. ಇಲ್ಲ, ಸ್ಟೂಲೆಳೆದು ಕೂತು, "ನೀನೇ ಓದು," ಎಂದರು.

ಕಾಗದವನ್ನು ನನ್ನ ಕಡೆ ತಿರುಗಿಸಿಕೊಂಡೆ. ಒಂದೊಂದೇ ಸಾಲನ್ನು ಕನ್ನಡ ಮಾಡುತ್ತ ಹೋದೆ. 'ನನ್ನ ಪಾಲಿನ ಹಕ್ಕನ್ನು' ಎಂಬಲ್ಲಿಗೆ ಬರುವಾಗ ಆಕೆ ಪೆನ್ನು ಕೆಳಗಿಟ್ಟಳು.

"ರೇಶನ್ ಕಾರ್ಡಿಗೆ ಅಂತ ಅಲ್ವಾ ಅಣ್ಣ ನೀವು ಹೇಳಿದ್ದು?"

ಅಣ್ಣ ಹೊರಗೆ ಹೋಗಿ ನಮ್ಮ ವಯರನ್ನು ಕಿತ್ತುಹಾಕಿ, "ಈಗಲೇ ಇಲ್ಲಿಂದ ಹೊರಡಿ," ಎಂದರು. ಟೀಚರ್ ಆ ಕಾಗದವನ್ನು ಮಡಚಿ ತಂಗಿಯ ಕೈಗೇ ಕೊಟ್ಟು, "ಮನೆಯಲ್ಲಿ ಗಂಡನ ಹತ್ರ, ಮಕ್ಕಳ ಹತ್ರ ಕೇಳಿ. ಕೊಡಬೇಕೆಂದು ಕಂಡರೆ ಆಮೇಲೂ ಕೊಡಬಹುದು," ಎಂದರು. ಆಕೆ ಸಹಿ ಹಾಕದೆ ಹೋದಳು.

ವಾಪಸು ಬರುವಾಗ ಜೀಪಿನಲ್ಲಿ ನಾನು ಅತ್ತೆ. ಒಳ್ಳೆಯ ಜಾಗ ತಪ್ಪಿತಲ್ಲ ಎಂದೂ ಹೇಳಿದೆ.

"ಜಾಗ ಹೋದ್ರೆ ಹೋಗ್ಲಿ. ನಮಗೆ ಚಕ್ರ ಉಂಟಲ್ಲ," ಎಂದರು. ಬಹಳ ದೂರ ಬಂದ ಮೇಲೆ ಮತ್ತೆ ಕೇಳಿದರು: "ನಾನು ಇನ್ನೊಂದು ಚಾಯ ಕುಡಿದು ಬಂದಿದ್ರೆ ಎಂತ ಮಾಡ್ತಿದ್ದಿ?"

ಬೈದಿದ್ದರೆ ಮರೆಯುತ್ತಿದ್ದೆನೇನೋ. ಬೈಯಲಿಲ್ಲ, ಉತ್ತರಕ್ಕೂ ಕಾಯಲಿಲ್ಲ. ಮುಂದಿನ ಮಂಗಳವಾರ ಅರ್ಧ ಮೈಲು ಆಚೆ, ಶಾಲೆಯ ಗೋಡೆಯ ಬದಿಗೆ ಗಾಡಿ ನಿಲ್ಲಿಸಿದೆವು. ಆ ದಿನ ಹೆಂಗಸರೇ ಹೆಚ್ಚು ಬಂದರು.

ಹೀಗೆ ಇನ್ನೂ ಏಳು ವರ್ಷ ತಿರುಗಿದೆವು. ಕೊನೆಯ ಎರಡು ವರ್ಷ ಜೀಪು ಓಡಿಸಿದ್ದು ನಾನು. ಟೀಚರ್ ಪಕ್ಕದಲ್ಲಿ ಕೂತು ಗೇರಿಗೊಂದು ಸಲಹೆ ಕೊಡುತ್ತಿದ್ದರು. 2017ರಲ್ಲಿ ಅವರ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಆಪರೇಶನ್ನಿಗೆ ಮೊದಲು ನರ್ಸ್ ಒಪ್ಪಿಗೆಯ ಫಾರ್ಮು ತಂದಾಗ ಟೀಚರ ಕನ್ನಡಕ ಮನೆಯಲ್ಲಿತ್ತು. ಫಾರ್ಮನ್ನು ನನ್ನ ಕಡೆ ದೂಡಿದರು. ಇಂಗ್ಲಿಷಿನದನ್ನು ಕನ್ನಡದಲ್ಲಿ ಓದಿ ಹೇಳುತ್ತ ಬಂದು ಒಂದು ಸಾಲಿನಲ್ಲಿ ತಡೆದೆ.

"ಬಿಡಬೇಡ," ಎಂದರು.

"ಜೀವಕ್ಕೆ ಅಪಾಯವಾಗುವ ಸಾಧ್ಯತೆಯೂ ಉಂಟು, ಅದಕ್ಕೆ ನನ್ನ ಒಪ್ಪಿಗೆ ಇದೆ," ಎಂದು ಓದಿದೆ. ಟೀಚರ್ ತಲೆಯಾಡಿಸಿ, "ಸರಿಯಾಗಿ ಓದ್ತಿ ಈಗ," ಎಂದು ಸಹಿ ಹಾಕಿದರು. ಆಪರೇಶನ್ ಆಗಿ ಮನೆಗೇನೋ ಬಂದರು. ಹನ್ನೊಂದನೆಯ ದಿನ ಬೆಳಗ್ಗೆ, ಗಂಜಿ ಆರಲೆಂದು ಕಾಯುತ್ತಿದ್ದವರು ಹಾಗೆಯೇ ಹೋದರು.

ಇಗರ್ಜಿಯಲ್ಲಿ ಮಣ್ಣು ಮಾಡಿದ್ದು ಶುಕ್ರವಾರ. ಮರುದಿನ ಶಿರಿಯದ ಸರದಿ. ಹೋಗಬೇಕೋ ಬೇಡವೋ ತಿಳಿಯದೆ ಕೊನೆಗೆ ಗಾಡಿ ಕಟ್ಟಿಕೊಂಡು ಹೋದೆ. ಹೊಳೆಯ ಬದಿಯಲ್ಲಿ ಎಂದಿನಂತೆ ಹದಿನೈದಿಪ್ಪತ್ತು ಮಂದಿ ಕಾಯುತ್ತಿದ್ದರು. ಮೀನು ಮಾರಿ ಬಂದ ಹೆಂಗಸರು, ಇಬ್ಬರು ಬ್ಯಾರಿ ಅಜ್ಜಂದಿರು, ದೋಣಿಯವರು. ಬಾಗಿಲು ತೆರೆದು ಕಂಪ್ಯೂಟರ್ ಹಚ್ಚಿದೆ. ಒಬ್ಬೊಬ್ಬರೇ ಮೆಟ್ಟಿಲು ಹತ್ತಿ ಒಳಗೆ ಬಂದರು, ಟೀಚರ ಖಾಲಿ ಜಾಗದೆದುರು ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತರು, ಮುಂದಿನವರಿಗೆ ಜಾಗ ಮಾಡಿಕೊಟ್ಟು ಇಳಿದು ಹೋದರು. ಯಾರ ಕೈಯಲ್ಲೂ ಕಾಗದ ಇರಲಿಲ್ಲ.