ಕ್ಷಮೆ ಕೇಳಿ ಕಳೆದುಕೊಂಡ ಟೆನಿಸ್ ಟೂರ್

ಟೆನಿಸ್ ರಾಕೆಟನ್ನು ನಾನು ಇವತ್ತಿನವರೆಗೂ ಕೈಯಲ್ಲಿ ಹಿಡಿದಿಲ್ಲ. ಆದರೂ ನಾಲ್ಕು ವರ್ಷ ಒಂದು ಅಂತರರಾಷ್ಟ್ರೀಯ ಟೆನಿಸ್ ಟೂರ್, ಎಂದರೆ ಪಂದ್ಯಾವಳಿಗಳ ಸರಣಿ, ನಡೆಸಿದೆ. ಅದರ ಕಚೇರಿ ಕರೋಶಿ ಹಳ್ಳಿಯ ನಮ್ಮ ಮನೆಯ ಹಿಂದಿನ ಕೋಣೆ. ಅಧ್ಯಕ್ಷೆ, ರೆಫರಿ, ವರದಿಗಾರ್ತಿ ಎಲ್ಲ ನಾನೇ.

ಟೂರ್ ಇದ್ದದ್ದು ಇಂಟರ್ನೆಟ್ಟಿನ ಒಂದು ಗುಂಪಿನಲ್ಲಿ. ಅಲ್ಲಿ ಪ್ರತಿಯೊಬ್ಬರೂ ಭೂಪಟದಲ್ಲಿ ಇಲ್ಲದ ಒಂದು ದೇಶವನ್ನು ಕಲ್ಪಿಸಿ ಕಟ್ಟಿಕೊಳ್ಳುತ್ತಾರೆ. ಅದಕ್ಕೊಂದು ಬಾವುಟ, ಒಂದಿಷ್ಟು ಇತಿಹಾಸ, ನಾಲ್ಕಾರು ಕಲ್ಪನೆಯ ಆಟಗಾರರು. ಯಾರ ಮುಖವನ್ನೂ ಯಾರೂ ನೋಡಿಲ್ಲ. ನನ್ನ ದೇಶದ ರಾಜಧಾನಿಗೆ ಕರೋಶಿಯ ಹೆಸರನ್ನೇ ತಿರುಚಿ ಇಟ್ಟಿದ್ದೆ. ಕಾಗವಾಡದ ದಾರಿಯಲ್ಲಿ ದ್ರಾಕ್ಷಿ ತೋಟಗಳ ನಡುವೆ ಕಂಡಿದ್ದ ಒಂದು ಬಯಲಲ್ಲಿ ಸೆಂಟರ್ ಕೋರ್ಟ್ ಎಬ್ಬಿಸಿದ್ದೆ.

ಚಿಕ್ಕೋಡಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ಬಸ್ಸು ಹಿಡಿದು ಬಂದರೆ, ನಮ್ಮದು ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯುತ್ತದೆ. ಆಮೇಲಿನ ಸಂಜೆ ಉದ್ದ. ಬಾವಿಯ ನೀರಿನ ಪಾಳಿ ಹಂಚಲು ನಮ್ಮಲ್ಲಿ ಚೀಟಿ ಎತ್ತುವ ಹಾಗೆಯೇ ಸ್ಟೀಲ್ ಡಬ್ಬಿಯಲ್ಲಿ ಚೀಟಿ ಹಾಕಿ ಯಾರ ಮೇಲೆ ಯಾರು ಆಡಬೇಕೆಂದು ಗೊತ್ತುಮಾಡುತ್ತಿದ್ದೆ. ಲೂಡೋ ದಾಳಗಳನ್ನು ಊಟದ ತಾಟಿನಲ್ಲಿ ಉರುಳಿಸಿ, ಬಿದ್ದಂತೆ ಸೋಲು ಗೆಲುವು ಬರೆದು ಗುಂಪಿಗೆ ಹಾಕುತ್ತಿದ್ದೆ. ಆ ಸಪ್ಪಳಕ್ಕೆ ಅವ್ವ ದಿನಾ ಬೈಯುತ್ತಿದ್ದಳು. ನನ್ನ ಮಾತೇ ಕೊನೆಯ ಮಾತು ಆಗಿದ್ದ ಜಾಗ ಈ ಭೂಮಿಯ ಮೇಲೆ ಅದೊಂದೇ ಇತ್ತು. ಮನೆಯಲ್ಲಂತೂ ಯಾವ ಪಲ್ಯ ಮಾಡಬೇಕೆಂದು ಕೂಡ ನನ್ನನ್ನು ಯಾರೂ ಕೇಳುವುದಿಲ್ಲ.

ನನ್ನ ದೇಶದ ಪರವಾಗಿ ಆಡುತ್ತಿದ್ದ ಹುಡುಗಿಗೆ ಹದಿನಾರು ವರ್ಷ. ಆ ವಯಸ್ಸನ್ನು ಬೇಕೆಂದೇ ಕೊಟ್ಟಿದ್ದೆ. ಹದಿನಾರರಲ್ಲಿ ನಾನು ಖೋಖೋ ಆಡುತ್ತಿದ್ದೆ, ಕ್ರೀಡಾ ವಸತಿ ಶಾಲೆಗೆ ಆಯ್ಕೆಯಾದ ಪತ್ರವೂ ಬಂದಿತ್ತು. ಅಪ್ಪ ಆಗಲೇ ತೀರಿಕೊಂಡಿದ್ದ. ಸಹಿ ಹಾಕಬೇಕಾದವನು ಅಣ್ಣ. ಹುಡುಗಿ ಊರೂರು ಓಡಾಡುವುದು ಬೇಡ ಎಂದು ಅವನು ಪತ್ರವನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು ಕಬ್ಬಿನ ಹೊಲಕ್ಕೆ ಹೋದ. ಸಂಜೆ ಬರಿ ಜೇಬಿನಲ್ಲಿ ಬಂದ.

ನಾಲ್ಕನೆಯ ವರ್ಷ ನನ್ನ ದೇಶದಲ್ಲೇ ಪಂದ್ಯಾವಳಿ. ಮೊದಲ ಸುತ್ತಿನಲ್ಲೇ ದಾಳ ನನ್ನ ಹುಡುಗಿಯ ವಿರುದ್ಧ ಬಿತ್ತು. ಇನ್ನೊಮ್ಮೆ ಉರುಳಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ದಾಳಗಳನ್ನು ಕೈಗೆ ತೆಗೆದುಕೊಂಡೆ ಕೂಡ. ಆಮೇಲೆ ಅವನ್ನು ಡಬ್ಬಿಗೆ ಹಾಕಿ, ಅವಳು ಸೋತ ವರದಿಯನ್ನು ಅಳುತ್ತಾ ಬರೆದೆ. ಅಷ್ಟು ನಿಯತ್ತಿನಿಂದ ನಡೆಸಿದ ಆಟ ಅದು.

ಕೆಲವು ದಿನಗಳ ನಂತರ ಕ್ಷಮಾವಣಿ ಬಂತು. ದಶಲಕ್ಷಣ ಪರ್ವ ಮುಗಿದ ಮೇಲೆ ನಾವು ಒಬ್ಬರಿಗೊಬ್ಬರು ಕೈ ಮುಗಿದು, ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೇಳಿಕೊಳ್ಳುವ ದಿನ. ಬಸದಿಯಿಂದ ಬಂದವಳು ಬಂಧುಗಳಿಗೆಲ್ಲ ಕಳಿಸಿದ ಆ ಮಾತನ್ನೇ ಇಂಗ್ಲಿಷಿಗೆ ತಿರುಗಿಸಿ ಟೂರಿನ ಗುಂಪಿನಲ್ಲೂ ಹಾಕಿದೆ. ಅವರೂ ನನ್ನವರೇ ಎಂದುಕೊಂಡಿದ್ದೆ. ಎಂಥ ದಡ್ಡಿ ನಾನು.

ಒಂದು ತಾಸಿನೊಳಗೆ ಪ್ರಶ್ನೆ ಬಂತು: ಯಾವ ಪಂದ್ಯದಲ್ಲಿ? ಕೇಳಿದವನು ಹಿಂದಿನ ಫೈನಲ್‌ನಲ್ಲಿ ಸೋತ ಆಟಗಾರನ ದೇಶವನ್ನು ಕಟ್ಟಿದ್ದ ಸದಸ್ಯ. ಇದು ನಮ್ಮ ಪದ್ಧತಿ, ಇವತ್ತು ಎಲ್ಲರೂ ಎಲ್ಲರಿಗೂ ಹೀಗೆ ಹೇಳುತ್ತೇವೆ ಎಂದು ಬರೆದೆ. ತಪ್ಪು ಮಾಡದವರು ಕ್ಷಮೆ ಯಾಕೆ ಕೇಳುತ್ತಾರೆ ಎಂದು ಅವನು ಬರೆದ. ಉಳಿದವರು ಹಳೆಯ ಪಂದ್ಯಗಳನ್ನೆಲ್ಲ ಕೆದಕಿದರು. ತಾಟಿನಲ್ಲಿ ಉರುಳಿದ ದಾಳಕ್ಕೆ ಸಾಕ್ಷಿ ಎಲ್ಲಿಂದ ತರಲಿ? ನನ್ನ ಹುಡುಗಿ ಸೋತದ್ದನ್ನು ತೋರಿಸಿದರೆ, ಅದು ಕಣ್ಣಿಗೆ ಮಣ್ಣೆರಚಲು ಮಾಡಿದ್ದು ಎಂದರು. ವಾರದಲ್ಲಿ ಮತ ಹಾಕಿ ನನ್ನನ್ನು ತೆಗೆದು, ಟೂರನ್ನು ಅವನ ಕೈಗೇ ಕೊಟ್ಟರು. ನಾಲ್ಕು ವರ್ಷ ಹೊಗಳಿದವರಲ್ಲಿ ಒಬ್ಬರೂ ನನ್ನ ಪರವಾಗಿ ಒಂದು ಸಾಲು ಬರೆಯಲಿಲ್ಲ. ಅವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಇದನ್ನು ಯಾರ ಮುಂದೆ ಹೇಳಿಕೊಳ್ಳಲಿ? ಇಲ್ಲದ ದೇಶದ ಆಟ ಹೋಯಿತೆಂದು ಅತ್ತರೆ ಶಾಲೆಯ ಸ್ಟಾಫ್ ರೂಮಿನಲ್ಲಿ ತಿಂಗಳಿಡೀ ನಗುತ್ತಾರೆ.

ಮರುವರ್ಷದ ಕ್ಷಮಾವಣಿಯಂದು ಅಣ್ಣ ಬಸದಿಯಿಂದ ಬಂದು, ಪ್ರತಿ ವರ್ಷದಂತೆ ನನ್ನ ಮುಂದೆ ಕೈ ಮುಗಿದ.

“ತಿಳದೋ ತಿಳೀದನೋ ಏನರ ತಪ್ಪಾಗಿದ್ರ ಕ್ಷಮಾ ಮಾಡವಾ.”

ನಾನೂ ಕೈ ಮುಗಿದು ಅದನ್ನೇ ತಿರುಗಿ ಹೇಳಬೇಕು. ಇಷ್ಟು ವರ್ಷ ಹೇಳಿದ್ದೆ.

“ಯಾವ ತಪ್ಪಿಗೆ, ಅಣ್ಣಾ?” ಎಂದೆ.

ಅವನು ನಕ್ಕ. ಇವತ್ತು ಹಾಗೆ ಅನ್ನುವುದು ಪದ್ಧತಿಯಲ್ಲವೇ ಎಂದ. ಒಂದಾದರೂ ಹೇಳು ಎಂದೆ. ಮುಗಿದ ಕೈಗಳು ನಿಧಾನಕ್ಕೆ ಕೆಳಗಿಳಿದವು. ನಾನು ನಿನಗೆ ಅಂಥದ್ದೇನು ಮಾಡಿದ್ದೇನೆ ಎಂದು ಗಂಟುಮುಖ ಮಾಡಿದ. ಖೋಖೋ ಪತ್ರ ಎಂದೆ.

“ಯಾವ ಪತ್ರ?” ಎಂದ.

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ಆ ವರ್ಷ ನಾನು ಅವನಿಗೆ ಕೈ ಮುಗಿಯಲಿಲ್ಲ.