ಚಿತ್ರದಲ್ಲಿ ಇಲ್ಲದ ಶಿಲುಬೆ

ಆ ಚಿತ್ರದಲ್ಲಿ ಶಿಲುಬೆ ಇರಲಿಲ್ಲ. ಇದೆ ಎಂದು ನಾನು ಹೇಳಿದ್ದು ಸುಳ್ಳು — ನನ್ನ ಅತ್ತೆಗೆ, ನಾಲ್ಕು ಜನರ ಎದುರು, ಬೇಕೆಂದೇ ಹೇಳಿದ ಸುಳ್ಳು.

ಸಿಡ್ನಿಯ ಎಪ್ಪಿಂಗ್‌ನಲ್ಲಿ ಆಗ ನಮ್ಮದು ರೆಂಟ್ ಮನೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಇದ್ದ ಒಂದೇ ಮೊಳೆಗೆ ಹಿಂದಿನವರು ಬಿಟ್ಟುಹೋದ ಚಿತ್ರವೊಂದು ತೂಗುತ್ತಿತ್ತು. ನೂರೈವತ್ತು ವರ್ಷದ ಹಿಂದೆ ಅಮೆರಿಕದ ಯಾರೋ ಬರೆದದ್ದರ ಪ್ರಿಂಟು — ಸರೋವರ, ಬೆಟ್ಟ, ಬೆಟ್ಟದ ಹಿಂದಿನಿಂದ ಉಕ್ಕುವ ಸೂರ್ಯನ ಬೆಳಕು. ಮುಂದುಗಡೆ ಒಂದು ಮುರಿದ ಮರ. ಮೈಸೂರಿನಿಂದ ಬಂದ ಅತ್ತೆ ತಮ್ಮ ದೇವರುಗಳನ್ನು ಅದರ ಕೆಳಗಿನ ಶೆಲ್ಫಿನಲ್ಲಿ ಇಟ್ಟರು. ಮನೆಗೆ ಪೂರ್ವದ ಕಿಟಕಿ ಇರಲಿಲ್ಲ. ಹಾಗಾಗಿ ಬೆಳಗಿನ ಅರ್ಘ್ಯವನ್ನು, ತಟ್ಟೆಗೆ ನೀರು ಬಿಟ್ಟು, ಚಿತ್ರದ ಸೂರ್ಯನಿಗೇ ಕೊಡತೊಡಗಿದರು. ಗಾಜಿನ ಮೇಲೆ ಒಂದು ಚುಕ್ಕೆ ಕುಂಕುಮ. ಇಂಗ್ಲಿಷ್ ಬಾರದ, ಒಬ್ಬರೇ ಹೊರಗೆ ಹೋಗಲಾರದ ಅವರಿಗೆ ದಿನದಲ್ಲಿ ತಮ್ಮದು ಅಂತ ಇದ್ದದ್ದು ಆ ಅರ್ಧ ಗಂಟೆ.

ನಾನು ವಾರಕ್ಕೊಮ್ಮೆ ಚಿತ್ರಕಲೆಯ ಇತಿಹಾಸದ ಕ್ಲಾಸಿಗೆ ಹೋಗುತ್ತಿದ್ದೆ. ಆ ಕಾಲದ ಅಮೆರಿಕದ ಚಿತ್ರಕಾರರಿಗೆ ಕಾಡೇ ಚರ್ಚು, ಬೆಳಕೇ ದೇವರು, ಕೆಲವರು ಮುರಿದ ಮರದಲ್ಲಿ ಶಿಲುಬೆಯನ್ನೂ ಅಡಗಿಸುತ್ತಿದ್ದರು ಎಂದು ಅಲ್ಲಿ ಕಲಿತೆ. ಕೆಲವರು — ಎಲ್ಲರೂ ಅಲ್ಲ. ನಮ್ಮ ಮನೆಯ ಚಿತ್ರದ ಮರ ಬರೀ ಮರ. ಹತ್ತಿರದಿಂದ ನೋಡಿ ಖಚಿತ ಮಾಡಿಕೊಂಡಿದ್ದೆ ಕೂಡ.

ವರಮಹಾಲಕ್ಷ್ಮಿ ಹಬ್ಬದ ದಿನ ಕುಂಕುಮಕ್ಕೆ ಬಂದವರೆದುರು ಅತ್ತೆ, "ನಮ್ಮ ಶೈಲಂಗೆ ಕ್ಲಾಸು, ಪುಸ್ತಕ ಇದ್ರೆ ಸಾಕು. ಹೋಳಿಗೆ ತಟ್ಟೋಕೆ ಇನ್ನೂ ಬರಲ್ಲ" ಎಂದು ನಕ್ಕರು. ತಮಾಷೆಗೇ ಅಂದದ್ದು. ನನಗೆ ಮೈಯೆಲ್ಲ ಉರಿಯಿತು.

"ನೀವು ದಿನಾ ಕೈ ಮುಗಿಯೋದು ಯಾವ ದೇವ್ರಿಗೆ ಅಂತ ಗೊತ್ತಾ ಅತ್ತೆ? ಆ ಮರ ನೋಡಿ, ಅದು ಶಿಲುಬೆ."

ಯಾರೋ ಕಿಸಕ್ಕೆಂದರು. ಅತ್ತೆ ಸೆರಗಿನ ತುದಿಯಿಂದ ಗಾಜಿನ ಕುಂಕುಮ ಒರೆಸಿದರು. "ಅಯ್ಯೋ, ಅವ್ರ ದೇವ್ರಿಗೂ ಅಪಚಾರ, ನಮ್ಮ ದೇವ್ರಿಗೂ ಅಪಚಾರ" ಎಂದರು, ಅಷ್ಟೇ. ಆಗಲೇ ಹೇಳಬಹುದಿತ್ತು — ಇಲ್ಲ ಅತ್ತೆ, ಸುಮ್ಮನೆ ಅಂದೆ, ಅಂತ. ಒಂದು ಮಾತು... ಹೇಳಲಿಲ್ಲ. ಗೆದ್ದೆ ಎಂಬ ಖುಷಿಯೂ ಒಳಗೊಳಗೇ ಇತ್ತು, ಅದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಮರುದಿನದಿಂದ ಅರ್ಘ್ಯ ನಿಂತಿತು. ಮುಂದಿನ ತಿಂಗಳು ಅವರು ಮೆಲ್ಬರ್ನ್‌ಗೆ, ಗ್ಲೆನ್ ವೇವರ್ಲಿಯ ನನ್ನ ಮೈದುನನ ಮನೆಗೆ ಹೋದರು. ಅಲ್ಲಿ ಹಿತ್ತಲಲ್ಲೇ ಸೂರ್ಯ ಕಾಣುತ್ತಾನೆ. ಆದರೂ ಅಮ್ಮ ಅರ್ಘ್ಯ ಕೊಡುವುದಿಲ್ಲ, ಕೇಳಿದರೆ ತಪ್ಪು ಮಾಡಿದ ಕೈ ಅನ್ನುತ್ತಾರೆ ಎಂದು ಮೈದುನ ಫೋನಿನಲ್ಲಿ ಹೇಳಿದ.

ಮೂರು ವರ್ಷ ಮುಂದೂಡಿ, ಕಳೆದ ವಾರ ಅಲ್ಲಿಗೆ ಹೋದೆ. ಅವರ ಕಾಲ ಬಳಿ ಕೂತು ಎಲ್ಲ ಹೇಳಿದೆ — ಮರ ಬರೀ ಮರವಾಗಿತ್ತು, ಸಿಟ್ಟಿಗೆ ಸುಳ್ಳು ಹೇಳಿದೆ, ನಿಮ್ಮದೇನೂ ತಪ್ಪಿಲ್ಲ...

ಅತ್ತೆ ನನ್ನ ತಲೆ ಸವರಿದರು. "ನನ್ನ ಸಮಾಧಾನಕ್ಕೆ ಹೀಗೆಲ್ಲ ಹೇಳ್ಬೇಡ ಕಣಮ್ಮ. ಓದಿರೋಳು ನೀನು. ಅಂಥ ಸುಳ್ಳು ನಿನ್ನ ಬಾಯಲ್ಲಿ ಬರುತ್ತಾ?"

ಬಂದಿತ್ತು ಅತ್ತೆ, ಎಂದೆ. ಮತ್ತೆ ಮತ್ತೆ ಎಂದೆ. ಅವರು ನಂಬಲಿಲ್ಲ. ನಾನು ಒಳ್ಳೆಯವಳು ಎಂದುಕೊಂಡೇ ಅವರು ಆ ಪಾಪ ಹೊತ್ತಿದ್ದಾರೆ. ಹೇಗೆ ಇಳಿಸಲಿ, ನನಗೆ ಗೊತ್ತಾಗುತ್ತಿಲ್ಲ.